ಒಂದೇ ನಿಮಿಷದ ಇಬ್ಬರು ಮಕ್ಕಳು

ಬೀದಿದೀಪಗಳು ಇನ್ನೂ ಆರಿಲ್ಲ. ಆದರೆ ಅವುಗಳ ಕೆಲಸ ಆಗಲೇ ಮುಗಿದಿದೆ. ಆಕಾಶದ ಅಂಚಿನಲ್ಲಿ ಒಗೆದು ಹರವಿದ ಬಟ್ಟೆಯಂಥ ಬೆಳಕು. ಹಳೆಯ ಕಚೇರಿ ಕಟ್ಟಡವೊಂದರ ನೆಲಮಾಳಿಗೆಯ ಮೆಟ್ಟಿಲುಗಳನ್ನು ಐವತ್ತು ದಾಟಿದ ಮಹಿಳೆಯೊಬ್ಬರು ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಾ ಇಳಿಯುತ್ತಿದ್ದಾರೆ. ಹೊರಗೆ ಸೆಕೆ, ಒಳಗೆ ಮೂಳೆ ಕೊರೆಯುವ ಚಳಿ. ಬಾಗಿಲು ತೆಗೆದ ಕೂಡಲೇ ಜೇನುಗೂಡಿಗೆ ಕಿವಿಯಿಟ್ಟಂತೆ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಆಳೆತ್ತರದ ಕಪಾಟುಗಳ ಸಾಲು, ಕಪಾಟುಗಳ ತುಂಬ ಯಂತ್ರಗಳು, ಯಂತ್ರಗಳ ಮೈಮೇಲೆ ಮಿಣುಕುವ ಹಸಿರು ದೀಪಗಳು. ಅವರು ನೇರವಾಗಿ ಕೊನೆಯ ಕಪಾಟಿನ ಬಳಿ ಹೋಗಿ, ಅಲ್ಲಿರುವ ಯಂತ್ರವೊಂದಕ್ಕೆ ಅಂಗೈ ಒತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುತ್ತಾರೆ.

"ಜ್ವರ ಬಂದಿದೆಯಾ ಅಂತ ನೋಡೋದು," ಎಂದು ನಗುತ್ತಾರೆ. "ದೇವರನ್ನ ನೆನೆಯೋದೂ ಆಗುತ್ತೆ. ಒಂದೇ ಕೈಲಿ ಎರಡು ಕೆಲಸ."

ಆ ಯಂತ್ರಕ್ಕೆ ಇಲ್ಲಿಯವರು ಇಟ್ಟ ಹೆಸರು ನಿದ್ದೆಬುರುಕ. ದಿನದ ಮೊದಲ ಮರ್ಯಾದೆ ಅದಕ್ಕೇ ಏಕೆ ಸಲ್ಲುತ್ತದೆ ಎಂಬುದಕ್ಕೆ ಒಂದು ಕಥೆಯಿದೆ. ಎರಡು ಹಸುಗೂಸುಗಳ ಕಥೆ ಅದು.

ಅಂಗೈ ಒತ್ತಿ ನಿಂತ ಈ ಮಹಿಳೆಯನ್ನು ಎಲ್ಲರೂ ಕರೆಯುವುದು ಕೀಲಿಯಕ್ಕ ಎಂದು. ಹಾಗಂತ ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡವರಲ್ಲ. ನಾಡಿನ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರತಿ ಮಗುವಿನ ತೂಕ, ಉಸಿರಾಟ, ಕೊಟ್ಟ ಔಷಧಿ ಎಲ್ಲವೂ ಈ ಯಂತ್ರಗಳಿಗೆ ಬಂದು ಸೇರುತ್ತವೆ. ಅಷ್ಟೊಂದು ವಿವರ ಒಂದು ಯಂತ್ರದ ಹೊಟ್ಟೆಗೆ ಹಿಡಿಸುವುದಿಲ್ಲ, ಹಲವಕ್ಕೆ ಹಂಚಬೇಕು. ಯಾವ ಮಗುವಿನ ವಿವರ ಯಾವ ಯಂತ್ರಕ್ಕೆ ಹೋಗಬೇಕು, ಹೋದ ಮೇಲೆ ಅಲ್ಲಿ ಯಾರ ಪಕ್ಕ ಕೂರಬೇಕು ಎಂದು ತೀರ್ಮಾನಿಸುವ ಗುರುತಿಗೆ ಅವರ ಕಸುಬಿನಲ್ಲಿ ಕೀಲಿ ಎನ್ನುತ್ತಾರೆ. ಆ ಕೀಲಿಯನ್ನು ರೂಪಿಸುವುದು, ಅದು ದಾರಿ ತಪ್ಪದಂತೆ ಕಾಯುವುದು ಇವರ ಕೆಲಸ.

ಬೆಳಗಿನ ಜಾವವೇ ಇಲ್ಲಿ ಸಂತೆಯ ಹೊತ್ತು. ಆಸ್ಪತ್ರೆಗಳಲ್ಲಿ ರಾತ್ರಿಪಾಳಿಯ ಸಿಸ್ಟರ್‌ಗಳು ಮನೆಗೆ ಹೊರಡುವ ಮುನ್ನ ತಮ್ಮ ಕೈಯಲ್ಲಿ ಹುಟ್ಟಿದ ಮಕ್ಕಳ ವಿವರಗಳನ್ನೆಲ್ಲ ಒಟ್ಟಿಗೇ ತುಂಬುತ್ತಾರೆ. ಮೇಲಿನ ಕೋಣೆಯ ಪರದೆಯಲ್ಲಿ ಗೆರೆಗಳು ಬೆಟ್ಟದಂತೆ ಏಳುತ್ತವೆ. ಕೀಲಿಯಕ್ಕ ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾ ಕೂರುತ್ತಾರೆ. ಒಂದೊಂದು ಗೆರೆಯ ಹಿಂದೆಯೂ ಈಗಷ್ಟೇ ಮೊದಲ ಸಲ ಅತ್ತ ಒಂದು ಜೀವ. "ಇಷ್ಟು ವರ್ಷ ಆದ್ರೂ ಮೈ ಜುಮ್ ಅನ್ನುತ್ತೆ," ಎನ್ನುತ್ತಾರೆ. "ದೇವರು ಮೇಲೆ ಕೂತು ಕಳಿಸ್ತಾ ಇದಾನೆ, ನಾವು ಕೆಳಗೆ ಕೂತು ಎಣಿಸ್ತಾ ಇದೀವಿ."

ಈ ಕಸುಬಿನ ಬೀಜ ಬಿದ್ದದ್ದು ಕಾಲೇಜಿನಲ್ಲಲ್ಲ, ಅಮ್ಮನ ಒಗೆಯುವ ಕಲ್ಲಿನ ಪಕ್ಕದಲ್ಲಿ. ಅಮ್ಮ ಕೇರಿಯ ಮನೆಗಳ ಬಟ್ಟೆ ತಂದು ಒಗೆದು ಇಸ್ತ್ರಿ ಮಾಡಿ ಕೊಡುತ್ತಿದ್ದರು. ಅಷ್ಟು ಮನೆಯ ಬಟ್ಟೆ ಒಂದೇ ತೊಟ್ಟಿಗೆ ಬಿದ್ದರೂ ಒಂದು ಕರವಸ್ತ್ರವೂ ಅದಲುಬದಲಾಗುತ್ತಿರಲಿಲ್ಲ. ಪ್ರತಿ ಬಟ್ಟೆಯ ಅಂಚಿಗೆ ಮನೆಗೊಂದು ಬಣ್ಣದ ದಾರ. ಆ ದಾರದಲ್ಲಿ ಆಳಿಗೊಂದು ಲೆಕ್ಕದ ಗಂಟು. ಒಣಗಿದ ಮೇಲೆ ದಾರದ ಬಣ್ಣ ನೋಡಿ ರಾಶಿ ಮಾಡುವುದು ಆಗಿನ್ನೂ ಹುಡುಗಿಯಾಗಿದ್ದ ಕೀಲಿಯಕ್ಕನ ಕೆಲಸ. ಆಮೇಲೆ ಒಂದೊಂದು ರಾಶಿಯ ಮುಂದೆ ಕೂತು, ಗಂಟು ನೋಡಿ ಅಪ್ಪನದು, ಅಜ್ಜಿಯದು, ಕಿರಿಯವನದು ಎಂದು ಮಡಚಿಡುವುದು ಅಮ್ಮನ ಕೆಲಸ.

"ಜೋಡಿಕೀಲಿ ಅಂದ್ರೆ ಇಷ್ಟೇ," ಎನ್ನುತ್ತಾರೆ ಕೀಲಿಯಕ್ಕ. "ಕೀಲಿಯ ಮೊದಲ ಭಾಗ ದಾರ. ಯಾವ ಯಂತ್ರಕ್ಕೆ ಹೋಗಬೇಕು ಅಂತ ಅದೊಂದೇ ಹೇಳುತ್ತೆ. ಎರಡನೇ ಭಾಗ ಗಂಟು. ಒಳಗೆ ಹೋದ ಮೇಲೆ ಎಲ್ಲಿ ಕೂರಬೇಕು ಅಂತ ಹೇಳುತ್ತೆ. ದಾರ ಕೆಟ್ಟರೆ ರಾಶಿ ಕೆಡುತ್ತೆ. ಗಂಟು ಕೆಟ್ಟರೆ ಅಪ್ಪನ ಅಂಗಿ ಮಗನಿಗೆ."

ಹಗಲು ಆಸ್ಪತ್ರೆಯೊಂದರಲ್ಲಿ ಬೆರಳಚ್ಚು ಮಾಡಿ, ಸಂಜೆ ತರಗತಿಗೆ ಹೋಗಿ ಕಲಿತು ಈ ನೆಲಮಾಳಿಗೆಗೆ ಬಂದವರು ಅವರು. ಆಗ ದಾರವೇ ಸರಿಯಿರಲಿಲ್ಲ. ಹುಟ್ಟಿದ ದಿನವನ್ನೇ ಕೀಲಿಯ ಮೊದಲ ಭಾಗ ಮಾಡಿದ್ದರು. ಇವತ್ತು ಹುಟ್ಟಿದ ಮಕ್ಕಳೆಲ್ಲ ಒಂದೇ ಯಂತ್ರಕ್ಕೆ! ಹತ್ತು ಬಾವಿಯಿರುವ ಊರಿನಲ್ಲಿ ಎಲ್ಲರೂ ಕೊಡ ಹಿಡಿದು ಒಂದೇ ಬಾವಿಗೆ ಮುಗಿಬಿದ್ದ ಹಾಗೆ, ಒಂದು ಯಂತ್ರ ಏದುಸಿರು ಬಿಡುತ್ತಿದ್ದರೆ ಮಿಕ್ಕವು ಆಕಳಿಸುತ್ತಿದ್ದವು. ಆಮೇಲೆ ಆಸ್ಪತ್ರೆಗೊಂದು ದಾರ ಎಂದರು. ದೊಡ್ಡ ಆಸ್ಪತ್ರೆಯ ಪಾಲಿಗೆ ಬಂದ ಯಂತ್ರದ ಹೊಟ್ಟೆ ಉಬ್ಬಿತು. ಕೊನೆಗೆ ಕೀಲಿಯಕ್ಕನೂ, ಆಗಿನ ಹಿರಿಯ ಅಧಿಕಾರಿಯೂ ಕೂತು ತಾಯಿಗೊಂದು ದಾರ ಎಂದು ಗೊತ್ತುಮಾಡಿದರು. ಅದು ನಿಂತಿತು.

ಆ ಬಗೆಯನ್ನು ವಿವರಿಸುವಾಗ ಅವರ ದನಿ ತಾನಾಗಿ ತಗ್ಗುತ್ತದೆ, ಗುಡಿಯೊಳಗೆ ಮಾತಾಡುವವರಂತೆ. ಪ್ರತಿ ತಾಯಿಗೆ ಒಂದು ಸಂಖ್ಯೆಯಿದೆ. ಯಂತ್ರಗಳ ಬಾಗಿಲಲ್ಲಿ ಆ ಸಂಖ್ಯೆಯನ್ನು ಹಿಟ್ಟು ನಾದಿದ ಹಾಗೆ ನಾದಿ ಬೇರೊಂದು ಸಂಖ್ಯೆ ಮಾಡುತ್ತಾರೆ. ಆ ಹೊಸ ಸಂಖ್ಯೆ ನೋಡಿ ಯಂತ್ರ ಗೊತ್ತಾಗುತ್ತದೆ. ಪಕ್ಕದ ಪಕ್ಕದ ಹಾಸಿಗೆಯ ತಾಯಂದಿರು ಎಲ್ಲೆಲ್ಲೋ ಚದುರಿ ಹೋಗುತ್ತಾರೆ. ಯಾವ ಯಂತ್ರಕ್ಕೂ ಭಾರ ಹೆಚ್ಚಾಗುವುದಿಲ್ಲ. ಆದರೆ ಒಬ್ಬ ತಾಯಿಯ ಸಂಖ್ಯೆಯನ್ನು ಯಾವತ್ತು ನಾದಿದರೂ, ಎಷ್ಟು ಸಲ ನಾದಿದರೂ ಬರುವ ಉತ್ತರ ಒಂದೇ. ಆಕೆ ಇವತ್ತು ಹೆತ್ತ ಮಗು, ಮುಂದೆಂದೋ ಬೇರೆ ಊರಿನ ಆಸ್ಪತ್ರೆಯಲ್ಲಿ ಹೆರುವ ಮಗು ಎರಡೂ ಹುಡುಕಿಕೊಂಡು ಬಂದು ಯಂತ್ರದೊಳಗೆ ಆ ತಾಯಿಗೆಂದೇ ಇರುವ ಅದೇ ಗೂಡಿನಲ್ಲಿ ಕೂರುತ್ತವೆ.

"ಯಾರೂ ದಾರಿ ತೋರಿಸೋದಿಲ್ಲ ನೋಡಿ. ಅಮ್ಮನ ಗುರುತು ಒಂದು ಇದ್ರೆ ಸಾಕು, ಮಗು ಮನೆ ಸೇರುತ್ತೆ," ಎನ್ನುತ್ತಾರೆ ಕೀಲಿಯಕ್ಕ.

ಗೂಡು ಒಂದೇ ಕಡೆ ಇದ್ದರೆ ಯಂತ್ರ ಕೆಟ್ಟ ದಿನ ಗತಿಯೇನು? ಅದಕ್ಕೇ ಒಂದೊಂದು ಗೂಡಿಗೂ ಮೂರು ಪ್ರತಿಗಳು, ಮೂರು ಬೇರೆ ಬೇರೆ ಯಂತ್ರಗಳಲ್ಲಿ. ಒಂದು ದುರಸ್ತಿಗೆ ನಿಂತರೂ ಇನ್ನೆರಡು ಉತ್ತರ ಕೊಡುತ್ತವೆ. ನಿಂತದ್ದು ಮತ್ತೆ ಎದ್ದಾಗ, ನೀನಿಲ್ಲದಾಗ ಹೀಗೆ ಹೀಗೆ ಆಯಿತು ಎಂದು ಉಳಿದ ಎರಡು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ಹೊಸ ಸುದ್ದಿ ಬಂದ ಕೂಡಲೇ ಅದು ತನ್ನ ಹಳೆಯದನ್ನು ಅಳಿಸಿಕೊಳ್ಳುತ್ತದೆ.

ಇನ್ನು ಗಂಟು. ಒಬ್ಬ ತಾಯಿಯ ಮಕ್ಕಳನ್ನು ಗೂಡಿನೊಳಗೆ ಬೇರೆ ಬೇರೆ ಕೂರಿಸಲು ಏನನ್ನು ಗುರುತು ಮಾಡಬೇಕು? ಹುಟ್ಟಿದ ದಿನ ಸಾಲದು, ಅವಳಿಗಳು ಒಂದೇ ದಿನ ಹುಟ್ಟುತ್ತಾರೆ ಎಂದು ಕೀಲಿಯಕ್ಕನಿಗೂ ಹಿರಿಯ ಅಧಿಕಾರಿಗೂ ಆಗಲೇ ಹೊಳೆದಿತ್ತು. ಅದಕ್ಕೆ ಗಂಟೆ ನಿಮಿಷವನ್ನೂ ಸೇರಿಸಿದರು. ಅವಳಿಗಳ ನಡುವೆ ಹತ್ತಿಪ್ಪತ್ತು ನಿಮಿಷವಾದರೂ ಇದ್ದೇ ಇರುತ್ತದಲ್ಲ. "ನಾವು ಎಷ್ಟು ಜಾಣರು ಅಂತ ಆವತ್ತು ಬೆನ್ನು ತಟ್ಟಿಕೊಂಡ್ವಿ," ಎಂದು ತುಟಿ ಕಚ್ಚಿ ನಗುತ್ತಾರೆ. "ಹೊಟ್ಟೆ ಕೊಯ್ದು ತೆಗೆದಾಗ ಎರಡು ಕೂಸುಗಳೂ ಒಂದೇ ನಿಮಿಷದಲ್ಲಿ ಹೊರಗೆ ಬರ್ತವೆ ಅಂತ ನಮಗಿಬ್ಬರಿಗೂ ಹೊಳೀಲೇ ಇಲ್ಲ."

ದಾರವೂ ಅದೇ, ಗಂಟೂ ಅದೇ ಆದರೆ ಯಂತ್ರ ತಗಾದೆ ಮಾಡುವುದಿಲ್ಲ. ಇದು ಅದೇ ಮಗು, ವಿವರ ತಿದ್ದಿ ಮತ್ತೆ ಕಳಿಸಿದ್ದಾರೆ ಎಂದುಕೊಂಡು ಮೊದಲನೆಯದನ್ನು ಒರೆಸಿ ಎರಡನೆಯದನ್ನು ಬರೆದುಕೊಳ್ಳುತ್ತದೆ. ಎಷ್ಟು ಸಾತ್ವಿಕವಾಗಿ ಒರೆಸುತ್ತದೆಂದರೆ, ಎಲ್ಲೂ ಒಂದು ಕೆಂಪು ದೀಪ ಕೂಡ ಹೊತ್ತಿಕೊಳ್ಳುವುದಿಲ್ಲ.

ಎರಡು ವರ್ಷದ ಹಿಂದೆ ಇಂಥದೇ ಒಂದು ಬೆಳಗು. ಫೋನು ಬಂತು. ದೊಡ್ಡ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನ ಸಿಸ್ಟರು. ಮುಖ ನೋಡಿದ್ದಿಲ್ಲ, ದನಿಯ ಪರಿಚಯ.

"ಅಕ್ಕಾ, ನನ್ನ ಮುಂದೆ ಎರಡು ಕೂಸು ಮಲಗಿವೆ. ನಿಮ್ಮ ಪರದೆಯಲ್ಲಿ ಒಂದೇ ಇದೆ. ನನಗೆ ಕಣ್ಣು ಮಂಜಾಯ್ತಾ, ನಿಮಗಾ?"

ಚಿಕ್ಕ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಎರಡು ಹೆಣ್ಣುಕೂಸುಗಳು. ಆಂಬುಲೆನ್ಸಿನಲ್ಲಿ ಆಗಷ್ಟೇ ಬಂದು ಇಳಿದಿದ್ದವು. ಸೋಂಕು ತಡೆಯಲು ಹುಟ್ಟಿದ ಕೂಡಲೇ ಒಂದು ಇಂಜೆಕ್ಷನ್ ಕೊಡಬೇಕು. ಅಲ್ಲಿ ಒಂದಕ್ಕೆ ಕೊಟ್ಟಿದ್ದರು. ಇನ್ನೊಂದಕ್ಕೆ ಕೊಡುವಷ್ಟರಲ್ಲಿ ಅದರ ಉಸಿರು ಸಿಕ್ಕಿಕೊಂಡು, ಎಲ್ಲರೂ ಅದರ ಎದೆಯ ಮೇಲೆ ಕೈಯಿಟ್ಟು ಕೂತುಬಿಟ್ಟರು. ಇಂಜೆಕ್ಷನ್ ಹಾಗೇ ಉಳಿಯಿತು. ಇದೆಲ್ಲ ತಿಳಿದದ್ದು ಆಮೇಲೆ. ಕೊಡದೆ ಬಿಟ್ಟರೆ ಕೂಸಿಗೆ ಸೋಂಕಿನ ಭಯ. ಕೊಟ್ಟದ್ದಕ್ಕೇ ಮತ್ತೆ ಕೊಟ್ಟರೆ ಅಷ್ಟು ಪುಟ್ಟ ಮೂತ್ರಪಿಂಡ ತಡೆಯುವುದಿಲ್ಲ, ಕಿವಿಯೂ ಹೋಗಬಹುದು. ಪರದೆಯ ಮೇಲೆ ಉಳಿದಿದ್ದುದು ಒಂದೇ ಮಗು: ಇಂಜೆಕ್ಷನ್ ಕೊಟ್ಟಿಲ್ಲ. ಗಡಿಬಿಡಿಯಲ್ಲಿ ಅದರ ತೂಕ, ಕಾಲಿನ ಪಟ್ಟಿಯ ಸಂಖ್ಯೆ ಎರಡನ್ನೂ ಖಾಲಿ ಬಿಟ್ಟಿದ್ದರು.

"ಕಾಲಿನ ಪಟ್ಟಿಯಲ್ಲಿ ಏನಿದೆ ಸಿಸ್ಟರ್?"

"ಇಬ್ಬರಿಗೂ ಅಮ್ಮನ ಸಂಖ್ಯೆ ಇದೆ. ಒಂದರ ಮೇಲೆ ಒಂದು, ಇನ್ನೊಂದರ ಮೇಲೆ ಎರಡು ಅಂತಿದೆ. ಅಲ್ಲಿಗೆ ಫೋನ್ ಮಾಡಿದ್ರೆ ಎಲ್ಲರೂ ಇನ್ನೊಂದು ಆಪರೇಷನ್‌ನಲ್ಲಿದ್ದಾರಂತೆ. ಅಮ್ಮನಿಗೆ ಇನ್ನೂ ಎಚ್ಚರ ಆಗಿಲ್ಲ. ಇಲ್ಲಿ ಅಪ್ಪ ಇದಾನೆ. ಒಂದಕ್ಕೆ ಚುಚ್ಚಿದ್ರು, ಯಾವುದಕ್ಕೆ ಅಂತ ನೋಡ್ಲಿಲ್ಲ ಸಿಸ್ಟರ್ ಅಂತ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದಾನೆ. ಸೂಜಿ ಗುರುತು ನೋಡೋಣ ಅಂದ್ರೆ ಇಬ್ಬರ ಮೈಮೇಲೂ ಇವೆ. ಡಾಕ್ಟರ್ ಕಾಯ್ತಾ ಇದಾರೆ ಅಕ್ಕಾ."

ಕೀಲಿಯಕ್ಕ ಗೂಡು ತೆರೆದು ನೋಡಿದರು. ಹುಟ್ಟಿದ ನಿಮಿಷದ ಮೇಲೆ ಕಣ್ಣು ಬಿದ್ದದ್ದೇ ಎಲ್ಲ ತಿಳಿದುಹೋಯಿತು. ತಾವೇ ಹಾಕಿದ ಗಂಟು. ಒಂದು ಕೂಸಿನ ಮೇಲೆ ಇನ್ನೊಂದು ಕೂಸು ಕೂತಿದೆ. ಮೂರು ಪ್ರತಿಗಳಲ್ಲಿ ಎರಡನ್ನು ಕೇಳಿದರು. ಎರಡೂ ಒಂದೇ ಮಗು ಎಂದವು. ಮೂರನೆಯದು ಉತ್ತರವನ್ನೇ ಕೊಡಲಿಲ್ಲ. ಯಾಕೆಂದು ನೆನಪಾದದ್ದೇ ತಡ, ಕುರ್ಚಿ ಉರುಳಿದ್ದೂ ತಿಳಿಯದೆ ಮೆಟ್ಟಿಲಿನತ್ತ ಓಡಿದರು. ಮೂರನೆಯ ಯಂತ್ರದ ಫ್ಯಾನು ಬದಲಿಸಲು ಅದರ ಸಂಪರ್ಕದ ವಯರನ್ನು ಅಂದಿನ ನಸುಕಿನಲ್ಲೇ ಕಿತ್ತಿದ್ದರು. ಮೊದಲ ಕೂಸಿನ ವಿವರ ಬಂದ ಮೇಲೆ ಕಿತ್ತಿದ್ದರೆ, ಎರಡನೆಯದರ ಸುದ್ದಿ ಅದಕ್ಕಿನ್ನೂ ಮುಟ್ಟಿಲ್ಲ. ವಯರು ಮರಳಿ ಸಿಕ್ಕಿಸಿದ ಗಳಿಗೆಯಲ್ಲಿ ಮುಟ್ಟುತ್ತದೆ. ಆಮೇಲೆ ಆ ಮಗು ಅಲ್ಲಿಯೂ ಇರುವುದಿಲ್ಲ.

ಕೆಳಗೆ, ಯಂತ್ರಗಳ ಫ್ಯಾನು ನೋಡಿಕೊಳ್ಳುವ ಹಿರಿಯರು, ಎಲ್ಲರ ಪಾಲಿನ ಫ್ಯಾನಣ್ಣ, ಕೆಲಸ ಮುಗಿಸಿ ಕೈ ಒರೆಸಿಕೊಂಡು ವಯರನ್ನು ಎತ್ತಿಕೊಂಡಿದ್ದರು.

"ಅಣ್ಣಾ, ಸಿಕ್ಕಿಸಬೇಡ! ಕೈ ತೆಗಿ!"

"ಏನಮ್ಮಾ ಇದು, ಹಾವು ತುಳಿದವಳ ಹಾಗೆ ಕೂಗ್ತೀಯಾ. ನನ್ನ ಜೀವ ಬಾಯಿಗೆ ಬಂತು."

"ಅದಕ್ಕೆ ಈಗ ಸುದ್ದಿ ಗೊತ್ತಾಗಬಾರದು."

"ಯಾರಿಗೆ? ಈ ತಗಡಿಗಾ?"

"ಅದಕ್ಕೇ. ಮಿಕ್ಕ ಎರಡೂ ಸೇರಿ ಅದರ ಬಾಯಿ ಮುಚ್ಚಿಸಿಬಿಡ್ತವೆ. ಮೊದಲು ಅದರ ಮಾತು ಕೇಳಬೇಕು ಅಣ್ಣಾ."

ಫ್ಯಾನಣ್ಣನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಆಕೆಯ ಮುಖ ಅರ್ಥವಾಯಿತು. ವಯರನ್ನು ತಮ್ಮ ಕೊರಳಿಗೆ ಸುತ್ತಿಕೊಂಡು, "ಇನ್ನು ನನ್ನನ್ನ ದಾಟಿ ಯಾವ ಸುದ್ದಿ ಬರುತ್ತೋ ನೋಡೇ ಬಿಡ್ತೀನಿ," ಎಂದು ನಿಂತರು. ಹೊರಲೋಕದ ಸಂಪರ್ಕವಿಲ್ಲದೆ, ಬರೀ ಕರೆಂಟು ಕೊಟ್ಟು ಯಂತ್ರವನ್ನು ಎಬ್ಬಿಸಿದರು. ಒಂದು ಚಿಕ್ಕ ಪರದೆ, ಕೀಬೋರ್ಡು ತಂದು ಅದಕ್ಕೇ ನೇರವಾಗಿ ಜೋಡಿಸಿದರು. ಅದು ಎಚ್ಚರಾಗಲು ತೆಗೆದುಕೊಂಡ ಹೊತ್ತಿನಲ್ಲಿ ಕೀಲಿಯಕ್ಕನ ತುಟಿ ಅಲ್ಲಾಡುತ್ತಿತ್ತು. ಏನು ಬೇಡಿದಿರಿ ಎಂದರೆ, "ಏನೂ ಬೇಡ್ಲಿಲ್ಲ. ದೇವರೇ, ದೇವರೇ ಅಂದೆ ಅಷ್ಟೆ. ಅವನಿಗೆ ವಿವರ ಬೇಕಾಗಿರ್ಲಿಲ್ಲ," ಎನ್ನುತ್ತಾರೆ.

ತಾಯಿಯ ಸಂಖ್ಯೆ ಕೊಟ್ಟರು. ಗೂಡು ತೆರೆಯಿತು. ಅಲ್ಲಿತ್ತು. ಅದೇ ತಾಯಿ, ಅದೇ ನಿಮಿಷ, ಆದರೆ ಬೇರೆ ಕೂಸು. ಕಾಲಿನ ಪಟ್ಟಿ: ಒಂದು. ಇಂಜೆಕ್ಷನ್: ಕೊಟ್ಟಿದೆ.

ಹೊರಗಿನ ಲೋಕವೆಲ್ಲ ಮರೆತಿದ್ದ ಮಗುವನ್ನು ಈ ಒಂದು ಯಂತ್ರ ನಿದ್ದೆಯಲ್ಲಿ ಎದೆಗೊತ್ತಿಕೊಂಡು ಮಲಗಿತ್ತು. ಯಂತ್ರಕ್ಕೆ ಸುದ್ದಿ ತಿಳಿಯದೆ ಹೋದದ್ದೇ ಆ ಕೂಸಿನ ಭಾಗ್ಯ; ನಿದ್ದೆಬುರುಕ ಎಂಬ ಹೆಸರು ಬಿದ್ದದ್ದು ಅಂದೇ. ಕೀಲಿಯಕ್ಕ ಫೋನಿನಲ್ಲಿ ಹೇಳಿದರು: "ಸಿಸ್ಟರ್, ಒಂದನೇ ಪಟ್ಟಿಯ ಕೂಸಿಗೆ ಆಗಿದೆ, ಮತ್ತೆ ಚುಚ್ಚಬೇಡಿ. ಎರಡನೇದಕ್ಕೆ ಕೊಡಿ." ಆ ತುದಿಯಲ್ಲಿ ಸಿಸ್ಟರು ಅದನ್ನೇ ಡಾಕ್ಟರಿಗೆ ಗಟ್ಟಿಯಾಗಿ ಒಪ್ಪಿಸಿದ್ದು ಕೇಳಿಸಿತು. ಆಮೇಲೆ ಗಂಡಸೊಬ್ಬ ಮಗುವಿನ ಹಾಗೆ ಅತ್ತದ್ದು ಕೇಳಿಸಿತು. ಅಷ್ಟಾದ ಮೇಲೆಯೇ ಕೀಲಿಯಕ್ಕ ಫೋನು ಇಟ್ಟದ್ದು. ಫ್ಯಾನಣ್ಣ ತಮ್ಮ ಸ್ಟೂಲನ್ನು ಸರಿಸಿ, "ಕೂತ್ಕೋ ತಾಯಿ," ಎಂದರು. ವಯರು ಇನ್ನೂ ಅವರ ಕೊರಳಲ್ಲೇ ಇತ್ತು.

ಅವತ್ತು ಕಚೇರಿಯಲ್ಲಿ ದೇವರ ದಯೆ ಎಂದು ಎಲ್ಲರೂ ಕೈ ಮುಗಿದರು. ಕೀಲಿಯಕ್ಕನೂ ಮುಗಿದರು. ಮುಗಿದ ಕೈ ಬಿಚ್ಚಿದವರೇ ಕೆಲಸಕ್ಕೆ ಕೂತರು. "ದೇವರು ಒಂದು ಸಲ ನೋಡ್ಕೊಂಡ. ಪ್ರತಿ ಸಲ ಅವನಿಗೇ ಕೆಲಸ ಹಚ್ಚೋದು ಮರ್ಯಾದೆ ಅಲ್ಲ," ಎಂಬುದು ಅವರ ಭಕ್ತಿಯ ಬಗೆ.

ಮಾಡಬೇಕಾದ್ದು ಹೇಳಲು ಸುಲಭ: ಗಂಟಿಗೆ ಇನ್ನೊಂದು ಸುತ್ತು. ತಾಯಿಯ ಸಂಖ್ಯೆ, ಹುಟ್ಟಿದ ನಿಮಿಷ, ಅದರ ಜತೆಗೆ ಎಷ್ಟನೇ ಕೂಸು ಎಂಬುದು. ಆದರೆ ಇಲ್ಲಿ ಹಾಕಿದ ಗಂಟನ್ನು ಬಿಚ್ಚಿ ತಿದ್ದಲು ಬರುವುದಿಲ್ಲ. ಹೊಸ ಗೂಡುಗಳನ್ನೇ ಕಟ್ಟಿ, ಹಳೆಯ ಗೂಡಿನಿಂದ ಒಂದೊಂದೇ ಮಗುವನ್ನು ಎತ್ತಿ ಹೊಸ ಗೂಡಿಗೆ ಹಾಕಬೇಕು. ಮಕ್ಕಳು ಹುಟ್ಟುವುದನ್ನು ಅಲ್ಲಿಯವರೆಗೆ ನಿಲ್ಲಿಸಿ ಎನ್ನಲಾಗುತ್ತದೆಯೇ? ಹೊಸದಾಗಿ ಹುಟ್ಟಿದವರನ್ನು ಎರಡೂ ಕಡೆ ಬರೆಯುತ್ತಾ, ಹಳಬರನ್ನು ಮೆಲ್ಲಗೆ ಸಾಗಿಸುತ್ತಾ, ಸಂಸಾರ ನಡೆಯುತ್ತಿರುವ ಮನೆಯ ತಳಪಾಯವನ್ನು ಒಂದೊಂದೇ ಕಲ್ಲು ತೆಗೆದು ಕೂರಿಸಿದಂತೆ ಅವರೂ ಅವರ ಜತೆಯವರೂ ಆ ಮಳೆಗಾಲವನ್ನೆಲ್ಲ ಕಳೆದರು. ದಾರ ಬದಲಾಗಿರಲಿಲ್ಲವಾದ್ದರಿಂದ ಯಾವ ತಾಯಿಯೂ ಯಂತ್ರ ಬಿಟ್ಟು ಯಂತ್ರಕ್ಕೆ ಹೋಗಬೇಕಾಗಲಿಲ್ಲ. ತನ್ನ ಮನೆಯೊಳಗೇ ಮಕ್ಕಳನ್ನು ಸರಿಯಾಗಿ ಕೂರಿಸಿದ್ದಷ್ಟೇ. ಒಬ್ಬ ಸಿಸ್ಟರಿಗೂ ಇದರ ಸುಳಿವು ಸಿಗಲಿಲ್ಲ. ಹಿಂದೆ ಹೀಗೆ ಒಬ್ಬರ ಮೇಲೊಬ್ಬರು ಕೂತು ಮರೆಯಾದ ಕೂಸುಗಳು ಇನ್ನೂ ಕೆಲವು ಇದ್ದವು. ಆಸ್ಪತ್ರೆ ಆಸ್ಪತ್ರೆಗೆ ಫೋನು ಹಚ್ಚಿ, ಅವರೆಲ್ಲ ಮನೆಗಳಲ್ಲಿ ಚೆನ್ನಾಗಿ ಬೆಳೆಯುತ್ತಿದ್ದಾರೆಂದು ತಿಳಿದು, ಒಬ್ಬೊಬ್ಬರನ್ನೂ ಕರೆದು ಗೂಡಿಗೆ ಸೇರಿಸಿದರು.

ಮನೆಯಲ್ಲಿ ಈ ಕಥೆಗೆ ಸಿಕ್ಕ ಮರ್ಯಾದೆಯೇ ಬೇರೆ. ಗಂಡ ಬಸ್ಸಿನ ಚಾಲಕರು. "ನನ್ನ ಬಸ್ಸೇ ವಾಸಿ," ಎಂದರಂತೆ. "ಎಷ್ಟು ನೂಕುನುಗ್ಗಲಿದ್ರೂ ಒಬ್ಬರ ತೊಡೆ ಮೇಲೆ ಒಬ್ಬರು ಕೂತ್ರೆ ಕೆಳಗಿನವರು ಮಾಯ ಆಗೋದಿಲ್ಲ." ಅಮ್ಮ ಈಗ ಮಗಳ ಮನೆಯಲ್ಲೇ ಇದ್ದಾರೆ; ಕಣ್ಣು ಮಸುಕು, ಬಾಯಿ ಚುರುಕು. ಕಥೆಯನ್ನೆಲ್ಲ ಕೇಳಿ, "ಅಳತೆ ನೋಡಿ ಗಂಟು ಹಾಕಬೇಡ ಅಂತ ನಿನಗೆ ಆಗಲೇ ಹೇಳಿರ್ಲಿಲ್ವೇನೇ?" ಎಂದು ಗದರಿದರಂತೆ. "ಆ ಮೂಲೆಮನೆ ಅಕ್ಕತಂಗಿಯರ ಲಂಗ ಎರಡೂ ಒಂದೇ ಅಳತೆ ಅಂತ ಒಂದೇ ಗಂಟು ಹಾಕಿ, ಇಬ್ಬರೂ ಜುಟ್ಟು ಹಿಡ್ಕೊಂಡು ಜಗಳ ಆಡಿದ್ದು ಮರೆತುಹೋಯ್ತಾ? ಆಳು ನೋಡಿ ಗಂಟು ಹಾಕು ಅಂದೆ. ಕೇಳಿದ್ಯಾ?"

"ಕೇಳ್ಲಿಲ್ಲ ಕಣಮ್ಮಾ," ಎಂದು ಮಗಳು ಒಪ್ಪಿಕೊಂಡರು.

ಚಳಿಯಲ್ಲಿ ಓಡಾಡಿ ಕೀಲಿಯಕ್ಕನ ಮಂಡಿ ಈಗ ಮೊದಲಿನಂತಿಲ್ಲ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಬೇಕು. ನೆಂಟರ ಮನೆಗೆ ಹೋದರೂ ಫೋನು ಮಡಿಲಲ್ಲೇ ಇರಬೇಕು. ಅವರು ಕಾದ ಮಕ್ಕಳಲ್ಲಿ ಒಬ್ಬರಿಗೂ ಅವರ ಮುಖ ತಿಳಿಯದು. ಪರದೆಯಲ್ಲಿ ಏನೂ ಆಗದ ದಿನವೇ ಅವರು ಚೆನ್ನಾಗಿ ಕೆಲಸ ಮಾಡಿದ ದಿನ; ಏನೂ ಆಗದ್ದಕ್ಕೆ ಯಾರು ಬಂದು ವಂದನೆ ಹೇಳುತ್ತಾರೆ? ಬೇಸರವಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. "ಬೆಳಗಾಗೋದಕ್ಕೆ ಯಾರಾದ್ರೂ ವಂದನೆ ಹೇಳ್ತಾರಾ? ಆಗ್ತಾ ಇರುತ್ತೆ."

ಬೆಟ್ಟದಂತೆ ಎದ್ದಿದ್ದ ಗೆರೆಗಳು ಪರದೆಯ ಮೇಲೆ ಈಗ ಇಳಿಯುತ್ತಿವೆ. ರಾತ್ರಿಪಾಳಿಯವರು ಮನೆಗೆ ಹೊರಟಿದ್ದಾರೆ. ಕೆಳಗೆ ನಿದ್ದೆಬುರುಕನ ಹಸಿರು ದೀಪ ನೆಮ್ಮದಿಯಾಗಿ ಮಿಣುಕುತ್ತಿದೆ. ಆ ಎರಡು ಹೆಣ್ಣುಕೂಸುಗಳು ಈಗ ತಪ್ಪುಹೆಜ್ಜೆ ದಾಟಿ ಓಡಾಡುವ ವಯಸ್ಸಿನವು, ಇಬ್ಬರಿಗೂ ಕಿವಿ ಸ್ಪಷ್ಟವಾಗಿ ಕೇಳುತ್ತದೆ ಎಂದು ವಾರ್ಡಿನ ಸಿಸ್ಟರು ಒಮ್ಮೆ ತಿಳಿಸಿದ್ದರು. ಅವರನ್ನು ಒಂದು ಸಲ ನೋಡುವ ಆಸೆ ಇಲ್ಲವೇ?

ಕೀಲಿಯಕ್ಕ ಲೋಟದ ತಳದಲ್ಲಿ ಉಳಿದದ್ದನ್ನು ಕುಡಿದು, ಸ್ವೆಟರಿನ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ.

"ನೋಡೋದೇನೂ ಬೇಡ. ಇನ್ನೊಂದು ನಾಲ್ಕೈದು ವರ್ಷ ಹೋಗಲಿ, ನಾನೇ ಅಕ್ಕ, ನೀನು ತಂಗಿ ಅಂತ ಇಬ್ಬರೂ ಜುಟ್ಟು ಹಿಡ್ಕೊಂಡು ಜಗಳ ಆಡಲಿ. ಅಷ್ಟು ಆಸೆ ಇದೆ. ಅಪ್ಪ ಅಮ್ಮನಿಗೆ ತೀರ್ಮಾನ ಮಾಡೋಕಾಗದೆ ಇದ್ರೆ ಇಲ್ಲಿಗೆ ಕೇಳ್ಕೊಂಡು ಬರಲಿ, ಹೇಳ್ತೀವಿ. ಇಬ್ಬರೂ ಇದಾರೆ ನಮ್ಮಲ್ಲಿ. ಒಂದೇ ಗೂಡಲ್ಲಿ, ಅಕ್ಕಪಕ್ಕ."